ಗುಜಿರಿಗೆ ಹಾಕು ಎಂದವರಿಗೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮಂಗಳೂರಿನ ತಣ್ಣೀರುಬಾವಿಯ ಗಾಳಿಮರಗಳ ಪಕ್ಕ ನಮ್ಮ ಏಳೆಂಟು ಕಾರುಗಳು ಸಾಲಾಗಿ ನಿಂತಿದ್ದವು. ಒಂದು ಕೆಂಪು ಫಿಯೆಟ್ ಪಾಲಿಯೊ 1.6, ಎರಡು ಪೋಲೊ ಜಿಟಿ, ಹೊಸದಾಗಿ ಬಂದ ಒಂದು ಐ20 ಎನ್ ಲೈನ್, ತುದಿಯಲ್ಲಿ ನನ್ನ 2006ರ ಸ್ವಿಫ್ಟ್ 1.3. ಡಿಕ್ಕಿಯ ಅಂಚಿನಲ್ಲಿ ಎದ್ದಿದ್ದ ತುಕ್ಕಿನ ಗುಳ್ಳೆಯನ್ನು ಒಬ್ಬರು ಬೆರಳಿನಿಂದ ಒತ್ತಿ ನೋಡಿ, “ಎಂತ ಮಾರಾಯ, ಇನ್ನೂ ಇದನ್ನೇ ಓಡಿಸ್ತಾ ಇದ್ದೀಯಾ? ಗುಜಿರಿಗೆ ಹಾಕಿ ಒಂದು ಒಳ್ಳೆ ಟರ್ಬೊ ಕಾರು ತಗೊ” ಎಂದರು. ಅಲ್ಲಿಂದ ಶುರುವಾದ ಚರ್ಚೆ ಬಿಸಿಲು ಏರುವವರೆಗೂ ನಡೆಯಿತು. ನಾನೂ ಪಾಲಿಯೊದವರೂ ಒಂದು ಕಡೆ, ಎದುರಿಗೆ ಅವರು ಐದು ಜನ. ಅಂದು ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಅವರೆಲ್ಲ ಕಾರು ಬಲ್ಲವರು, ನನ್ನ ಸ್ನೇಹಿತರು. ಹಾಗಾಗಿಯೇ ಒಂದೊಂದು ಮಾತಿಗೂ ಉತ್ತರ ಕೊಡಬೇಕು ಅನ್ನಿಸಿದೆ.

ಅವರ ಮೊದಲ ಮಾತೇ ಬುಡಕ್ಕೆ ಕೊಡಲಿ ಹಾಕುವಂಥದ್ದು: ನಿನ್ನದು ಹಾಟ್ ಹ್ಯಾಚೇ ಅಲ್ಲ, ಆ ಜಾತಿಯ ಕಾರು ಭಾರತದಲ್ಲಿ ಆಗ ಇರಲೇ ಇಲ್ಲ, ಇಲ್ಲದ್ದನ್ನು ಇಂದಿನದರ ಜೊತೆ ಹೋಲಿಸುವುದು ಹೇಗೆ?

ಯುರೋಪಿನ ಅಳತೆಗೋಲು ಹಿಡಿದರೆ ಈ ಮಾತು ಸರಿ. 1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಗಾಲ್ಫ್ ಜಿಟಿಐಗೆ 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ ಸುಮಾರು 810 ಕಿಲೊ. ನನ್ನ ಸ್ವಿಫ್ಟ್‌ಗೆ 87 ಅಶ್ವಶಕ್ತಿ, ತೂಕ ಸಾವಿರ ಕಿಲೊದ ಆಸುಪಾಸು. ಮೂವತ್ತು ವರ್ಷ ತಡವಾಗಿ ಬಂದರೂ ಅದನ್ನು ಮುಟ್ಟುವುದಿಲ್ಲ. 1.6 ಲೀಟರಿನ ನಿಜವಾದ ಸ್ವಿಫ್ಟ್ ಸ್ಪೋರ್ಟ್ ನಮ್ಮ ದೇಶಕ್ಕೆ ಬರಲಿಲ್ಲ. ಆದರೆ ಈ ಜಾತಿಯ ಕಾರನ್ನು ಗುರುತಿಸುವುದು ಅಂಕಿಯಿಂದ ಮಾತ್ರವಲ್ಲ. ಮನೆಯವರೆಲ್ಲ ಕೂರುವ, ಮೀನು ಮಾರ್ಕೆಟ್ಟಿಗೂ ಹೋಗುವ ಸಾಧಾರಣ ಸಣ್ಣ ಕಾರಿಗೆ ಅದರ ಗಾತ್ರಕ್ಕೆ ಮೀರಿದ ಎಂಜಿನ್ ಇಟ್ಟು, ಸಂಬಳದವನ ಕೈಗೆಟಕುವ ಬೆಲೆಗೆ ಕೊಡುವುದು. ಅದು ನಮ್ಮಲ್ಲೂ ನಡೆದಿತ್ತು. 2001ರಲ್ಲಿ ಬಂದ ಪಾಲಿಯೊಗೆ 1.6 ಲೀಟರಿನ ಹದಿನಾರು ವಾಲ್ವಿನ ಎಂಜಿನ್, 100 ಅಶ್ವಶಕ್ತಿ. ಸಚಿನ್ ತೆಂಡೂಲ್ಕರ್ ಅದರ ಜಾಹೀರಾತಿನಲ್ಲಿ ಇದ್ದದ್ದು ನಮ್ಮ ವಯಸ್ಸಿನವರಿಗೆ ಮರೆತಿಲ್ಲ. 2005ರ ಮೇ ತಿಂಗಳಲ್ಲಿ ಸ್ವಿಫ್ಟ್ ಬಂತು. ಆಗಿನ ಸಣ್ಣ ಕಾರುಗಳ ನಡುವೆ 1.3 ಲೀಟರ್ ಎಂದರೆ ದೊಡ್ಡದೇ.

ಈ ಬೆಳೆ ಬಾಡಿದ್ದು ಹೇಗೆ ಎಂಬುದನ್ನು ಅಂದು ಯಾರೂ ಎತ್ತಲಿಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ಸಣ್ಣ ಕಾರು ಎಂದರೆ ನಾಲ್ಕು ಮೀಟರ್ ಮೀರದ ಉದ್ದ, ಪೆಟ್ರೋಲಾದರೆ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ. 1.3 ಸ್ವಿಫ್ಟ್ ಮತ್ತು 1.6 ಪಾಲಿಯೊ ಗೆರೆಯ ಆಚೆ ಉಳಿದವು. 2010ರಲ್ಲಿ ಹೊಸ ಹೊಗೆ ನಿಯಮವೂ ಸೇರಿಕೊಂಡು ಪೆಟ್ರೋಲ್ ಸ್ವಿಫ್ಟ್ 1.2 ಲೀಟರಿಗೆ ಇಳಿಯಿತು. ಜಿಎಸ್‌ಟಿ ಬಂದರೂ ಗೆರೆ ಅಲ್ಲೇ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬದಲಾದಾಗಲೂ ಗೆರೆಯ ಈಚೆಗೆ ಶೇ 18, ಆಚೆಗೆ ಶೇ 40. ಇಂದು ನೀವು ಹೊಗಳುವ ಸಣ್ಣ ಟರ್ಬೊ ಎಂಜಿನ್ ನಮ್ಮಲ್ಲಿ ಬೆಳೆದದ್ದು ಈ ಗೆರೆಯ ಒಳಗೆ. 2013ರ ಪೋಲೊ ಜಿಟಿ ಟಿಎಸ್‌ಐಯ ಎಂಜಿನ್ 1197 ಸಿಸಿ. ಅದರಲ್ಲಿ 105 ಅಶ್ವಶಕ್ತಿ ತೆಗೆದದ್ದು ದೊಡ್ಡ ಸಾಧನೆಯೇ, ನಾನು ತಲೆಬಾಗುತ್ತೇನೆ. ಆದರೆ ಹಳೆಯದು ತಾನಾಗಿ ಸೋತು ಹೊಸದಕ್ಕೆ ಜಾಗ ಬಿಟ್ಟಿತು ಎಂಬ ಕಥೆ ನಿಜವಲ್ಲ. ಅದನ್ನು ಅಂಗಳದಿಂದ ಹೊರಗೆ ಹಾಕಲಾಯಿತು.

ಎರಡನೆಯ ಮಾತು ವೇಗದ್ದು. ಐ20 ಎನ್ ಲೈನ್‌ನಲ್ಲಿ ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ 120 ಅಶ್ವಶಕ್ತಿ ಕೊಡುತ್ತದೆ. ಅದರ 172 ಎನ್‌ಎಂ ಟಾರ್ಕ್ 1500 ಆರ್‌ಪಿಎಂಗೇ ಸಿಕ್ಕುತ್ತದೆ. ನನ್ನ ಸ್ವಿಫ್ಟ್‌ನಲ್ಲಿ ಇರುವುದು 113 ಎನ್‌ಎಂ, ಅದೂ 4500 ಆರ್‌ಪಿಎಂ ದಾಟಿಸಿದ ಮೇಲೆ. ಕುಳೂರು ಸೇತುವೆಯಿಂದ ಸುರತ್ಕಲ್ ಕಡೆಗೆ ಹೊರಟರೆ ನಾನು ಹಿಂದೆ ಬೀಳುತ್ತೇನೆ, ವಾದವೇ ಇಲ್ಲ. ಐದು ಜನ ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿ ಶಿರಾಡಿ ಹತ್ತುವ ದಿನ ನನಗೂ ಟರ್ಬೊ ಕಾರೇ ಬೇಕು.

ನಮ್ಮ ಭಿನ್ನಾಭಿಪ್ರಾಯ ಇರುವುದು ಬೇರೆ ಕಡೆ. ಬಿ.ಸಿ.ರೋಡಿನಿಂದ ಬೆಳ್ತಂಗಡಿ, ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿ ಘಾಟಿಗೆ ಬನ್ನಿ. ಬೆಳಗಿನ ಜಾವ, ಮಂಜು ಇನ್ನೂ ಕಣಿವೆಯಿಂದ ಎದ್ದಿರುವುದಿಲ್ಲ. ಎದುರಿನಿಂದ ತರಕಾರಿ ಲಾರಿ, ತಿರುವಿನಲ್ಲಿ ಮಂಗಗಳ ಹಿಂಡು, ಅಂಚಿನಲ್ಲಿ ಮಳೆಗೆ ಕುಸಿದು ಮತ್ತೆ ಕಟ್ಟಿದ ತಡೆಗೋಡೆ. 2019ರ ಆಗಸ್ಟಿನ ಭೂಕುಸಿತ ನೋಡಿದ ಯಾರೂ ಆ ರಸ್ತೆಯಲ್ಲಿ ಹುಚ್ಚಾಟ ಆಡುವುದಿಲ್ಲ. ತಿರುವುಗಳಲ್ಲಿ ಗಂಟೆಗೆ 35, 40 ಕಿಲೊಮೀಟರ್, ನೇರ ಸಿಕ್ಕಿದಲ್ಲಿ 55. ಆ ರಸ್ತೆ ಯಾವ ಕಾರಿಗೂ ಕೊಡುವುದು ಅಷ್ಟೇ.

ಆ ವೇಗದಲ್ಲಿ ಹೊಸ ಕಾರಿಗೆ ಕೆಲಸವೇ ಇಲ್ಲ. ಆಕ್ಸಿಲರೇಟರ್ ಮೇಲೆ ಹೆಬ್ಬೆರಳ ಭಾರ ಇಟ್ಟರೂ ಸಾಕು, ಹತ್ತಿಬಿಡುತ್ತದೆ. ಅದರ ಗುಣ ಕಾಣಬೇಕಾದರೆ ಕಾನೂನೂ ಒಪ್ಪದ, ರಸ್ತೆಯೂ ಒಪ್ಪದ ವೇಗ ಬೇಕು. ನನ್ನ ಕಾರಿಗೆ ಅದೇ 40ರಲ್ಲಿ ಪೂರಾ ಕೆಲಸ. ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಬೇಕು, ಎಂಜಿನ್ ಸುತ್ತು ಬೀಳದಂತೆ ಹಿಡಿಯಬೇಕು, ತಿರುವಿನ ಹೊಟ್ಟೆ ದಾಟುತ್ತಿದ್ದಂತೆ ಕಾಲು ಒತ್ತಿ ಮೂರನೇ ಗೇರಿಗೆ ಹೋಗಬೇಕು. ಗೇರ್ ತಪ್ಪಿದರೆ ಕಾರು ಅಲ್ಲೇ ಉಸಿರು ಬಿಡುತ್ತದೆ, ತಪ್ಪು ಯಾರದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಕೊಟ್ಟಿಗೆಹಾರ ಮುಟ್ಟಿ ನೀರುದೋಸೆಯ ಮುಂದೆ ಕೂರುವಾಗ ಅಷ್ಟು ಹೊತ್ತು ನಾನೇ ಕಾರು ಓಡಿಸಿದೆ ಎಂಬ ತೃಪ್ತಿ ಇರುತ್ತದೆ. ನಮ್ಮ ರಸ್ತೆಯಲ್ಲಿ, ನಮ್ಮ ಕಾನೂನಿನ ಒಳಗೆ, ಯಾರ ಜೀವಕ್ಕೂ ಕುತ್ತು ತರದೆ ತನ್ನ ಪೂರ್ತಿ ಗುಣ ತೋರಿಸುವ ಕಾರು ಇದು. ನಾನು ಹಳೆಯ ಹಾಟ್ ಹ್ಯಾಚ್ ಪರವಾಗಿ ನಿಲ್ಲುವುದಕ್ಕೆ ಕಾರಣ ಇದೊಂದೇ, ಉಳಿದದ್ದೆಲ್ಲ ಇದರ ಹಿಂದೆ ಬರುವಂಥದ್ದು.

“ಹಾಗಾದರೆ ಮಾರುತಿ 800 ಸಾಕಲ್ಲ, ಅದು 30ರಲ್ಲೇ ಕೆಲಸ ಕೊಡ್ತದೆ” ಎಂದು ಪೋಲೊದವರು ಕೇಳಿದರು. ಇಲ್ಲ. ನಿಧಾನವಾಗಿ ಇರುವುದೇ ಗುಣ ಎಂದು ನಾನು ಹೇಳುತ್ತಿಲ್ಲ. ಚಾಲಕನ ಕೆಲಸಕ್ಕೆ ಕಾರಿನ ಮೈ ಉತ್ತರ ಕೊಡಬೇಕು. ಸ್ವಿಫ್ಟ್‌ನ ಚಕ್ರಗಳು ನಾಲ್ಕು ಮೂಲೆಗಳಲ್ಲಿವೆ, ಮೈ ಬಿಗಿ, ತಿರುವಿನಲ್ಲಿ ಮೂಗು ಹೇಳಿದ ಕಡೆಗೆ ಹೋಗುತ್ತದೆ. 800ರಲ್ಲಿ ಅದೇ ತಿರುವಿಗೆ ನನ್ನ ಅಂಗೈ ಬೆವರುತ್ತಿತ್ತು.

ಇಲ್ಲಿ ನನ್ನ ಪಾಳಯದವರ ಒಂದು ಮಾತನ್ನೂ ತಿದ್ದಬೇಕು. ಹಳೆಯದರಲ್ಲಿ ಹೈಡ್ರಾಲಿಕ್ ಸ್ಟೇರಿಂಗ್, ಆದ್ದರಿಂದ ರಸ್ತೆ ಕೈಗೆ ಗೊತ್ತಾಗುತ್ತದೆ, ಹೊಸದರಲ್ಲಿ ಎಲೆಕ್ಟ್ರಿಕ್, ಆದ್ದರಿಂದ ಸತ್ತಂತೆ ಎಂದು ಪಾಲಿಯೊದವರು ವಾದಿಸಿದರು. ಪಾಲಿಯೊಗೆ ಅದು ನಿಜ. ಆದರೆ ಮೊದಲ ಸ್ವಿಫ್ಟ್‌ನಲ್ಲೇ ಇದ್ದದ್ದು ಎಲೆಕ್ಟ್ರಿಕ್ ಸ್ಟೇರಿಂಗ್. ಹಳೆಯ ಕಾರೆಲ್ಲ ಹಗುರ, ಹೊಸದೆಲ್ಲ ಭಾರ ಎಂಬುದೂ ಹಾಗೆಯೇ. 2024ರ ಸ್ವಿಫ್ಟ್ ನನ್ನದಕ್ಕಿಂತ ಹಗುರ. ಸುಳ್ಳಿನ ಊರುಗೋಲು ಹಿಡಿದು ನಮ್ಮ ವಾದ ನಿಲ್ಲಬೇಕಾಗಿಲ್ಲ.

ಈಗ ಅವರ ಅತ್ಯಂತ ಗಟ್ಟಿಯಾದ ಮಾತು, ಸುರಕ್ಷತೆ. ಇದನ್ನು ತೇಲಿಸಿಬಿಡುವ ಹಕ್ಕು ನನಗಿಲ್ಲ. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸಿದ, ಏರ್‌ಬ್ಯಾಗ್ ಇಲ್ಲದ ಎರಡನೇ ಪೀಳಿಗೆಯ ಸ್ವಿಫ್ಟ್‌ಗೇ ಒಂದು ನಕ್ಷತ್ರವೂ ಸಿಗಲಿಲ್ಲ. ನನ್ನದು ಅದಕ್ಕೂ ಹಿಂದಿನದು. 2024ರ ಸ್ವಿಫ್ಟ್‌ನ ಅತಿ ಕಡಿಮೆ ಬೆಲೆಯ ಮಾದರಿಯಲ್ಲೂ ಆರು ಏರ್‌ಬ್ಯಾಗ್ ಮತ್ತು ಕಾರು ಜಾರದಂತೆ ತಡೆಯುವ ಇಎಸ್‌ಪಿ ಉಂಟು. ಮಂಗಳೂರಿನ ಕಾಂಕ್ರೀಟ್ ರಸ್ತೆಗೆ ಜೂನ್ ತಿಂಗಳ ಮೊದಲ ಮಳೆ ಬಿದ್ದಾಗ, ನಂತೂರಿನಲ್ಲಿ ಮುಂದಿನ ಬಸ್ ಒಮ್ಮೆಲೇ ನಿಂತರೆ, ಎಬಿಎಸ್ ಇಲ್ಲದ ಚಕ್ರ ಲಾಕ್ ಆಗಿ ಕಾರು ನೇರ ಜಾರುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವ ಅಭ್ಯಾಸ ನನಗಿದೆ. ಗಾಬರಿಯ ಆ ಅರ್ಧ ಕ್ಷಣದಲ್ಲಿ ಆ ಅಭ್ಯಾಸ ಎಬಿಎಸ್‌ಗೆ ಸಮ ಎಂದು ನಾನು ಯಾವತ್ತೂ ಹೇಳುವುದಿಲ್ಲ. ನನ್ನ ಮಗಳು ಕಾಲೇಜಿಗೆ ಹೋಗುವುದು ಮನೆಯ ಹೊಸ ಕಾರಿನಲ್ಲಿ. ಸ್ವಿಫ್ಟನ್ನು ನಾನು ಮಳೆಗಾಲದ ರಾತ್ರಿ ಹೆದ್ದಾರಿ 66ಕ್ಕೆ ಇಳಿಸುವುದಿಲ್ಲ. ಅಪಘಾತವಾದರೆ ಯಾವ ಕಾರಿನೊಳಗೆ ಇರುವುದು ಮೇಲು ಎಂಬ ಪ್ರಶ್ನೆಗೆ ನನ್ನಲ್ಲಿ ಪ್ರತ್ಯುತ್ತರ ಇಲ್ಲ. ನಿಮ್ಮ ಮಾತೇ ಸರಿ.

ಆದರೆ ನೀವು ಅಲ್ಲಿಗೆ ನಿಲ್ಲಿಸಲಿಲ್ಲ. ಹಳೆಯದು ಎಂದ ಮೇಲೆ ಅದು ರಸ್ತೆಯಲ್ಲಿ ಇರಲೇಬಾರದು ಎಂದಿರಿ. ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ಜುಲೈಯಲ್ಲಿ. ಅದಕ್ಕಿಂತ ಹಿಂದಿನ ಎಷ್ಟೋ ಕಾರುಗಳು ಇವೆರಡೂ ಇಲ್ಲದೆ ಇವತ್ತೂ ನಮ್ಮ ಊರಿನಲ್ಲಿ ಓಡುತ್ತಿವೆ. ಅವುಗಳ ಟೈರ್, ಬ್ರೇಕ್ ಹೇಗಿದೆ ಎಂಬುದು ತಯಾರಿಕೆಯ ವರ್ಷದಿಂದ ಗೊತ್ತಾಗುವುದಿಲ್ಲ. ಅಂದು ತಣ್ಣೀರುಬಾವಿಯಲ್ಲಿ ನಾನು ಬಗ್ಗಿ ಎಲ್ಲರ ಟೈರ್ ನೋಡಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ನನ್ನದರಲ್ಲಿ 1424 ಇತ್ತು. ಸಾಲಿನಲ್ಲಿದ್ದ ಒಂದು ಟರ್ಬೊ ಕಾರಿನ ಹಿಂದಿನ ಟೈರಿನಲ್ಲಿ 2316. ಹತ್ತು ವರ್ಷದ ಒಣಗಿದ ರಬ್ಬರಿನ ಮೇಲೆ ಎಬಿಎಸ್ ಕೂಡ ಎಷ್ಟು ಕೆಲಸ ಮಾಡೀತು? ದಯವಿಟ್ಟು ಈ ಮಳೆಗಾಲಕ್ಕೆ ಮೊದಲು ಅದನ್ನು ಬದಲಾಯಿಸಿ. ಇದನ್ನು ವಾದ ಗೆಲ್ಲುವುದಕ್ಕೆ ಹೇಳುತ್ತಿಲ್ಲ.

ತುಕ್ಕಿನ ವಿಷಯ ಬಂತಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆ, ಉಳಿದ ತಿಂಗಳು ಉಪ್ಪುಗಾಳಿ, ಇಂಥ ಊರಿನಲ್ಲಿ ಹಳೆ ಕಾರು ಉಳಿಯುವುದಿಲ್ಲ ಎಂದಿರಿ. ಉಳಿಯುತ್ತದೆ, ನೋಡಿಕೊಂಡರೆ. ಹೆಚ್ಚಿನವರು ತೊಳೆಯುವುದು ಕಾರಿನ ಮೇಲುಭಾಗವನ್ನು, ತುಕ್ಕು ಹಿಡಿಯುವುದು ಅಡಿಯಿಂದ. ಹಲಸು, ಮಾವಿನ ಮರದಡಿ ನಿಲ್ಲಿಸಿದರೆ ವೈಪರ್ ಕೆಳಗಿನ ಜಾಲರಿಯೊಳಗೆ ಎಲೆ ಕೊಳೆತು ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಆ ನೀರು ಒಳಗಿಳಿದು ಕಾಲಡಿಯ ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಬಾಗಿಲುಗಳ ಅಡಿಯಂಚಿನಲ್ಲೂ ಅಂಥ ತೂತುಗಳಿವೆ. ಮೇ ಕೊನೆಯಲ್ಲಿ ನಾನು ಒಂದು ಹಳೆ ಹಲ್ಲುಜ್ಜುವ ಬ್ರಷ್ ಹಿಡಿದು ಇವಿಷ್ಟನ್ನೂ ಬಿಡಿಸುತ್ತೇನೆ, ಎರಡು ವರ್ಷಕ್ಕೊಮ್ಮೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸುತ್ತೇನೆ. ಡಿಕ್ಕಿಯ ಆ ಗುಳ್ಳೆ ನಾನು ಒಂದು ವರ್ಷ ಉದಾಸೀನ ಮಾಡಿದ್ದರ ಫಲ, ಅದಕ್ಕೆ ಟಿಂಕರಿಂಗ್ ಆಗಬೇಕು. ಹೊಸ ಕಾರಿಗೂ ಇದೇ ಮಳೆ, ಇದೇ ಗಾಳಿ. ನಿಮ್ಮ ಕಾರ್ಪೆಟ್ಟನ್ನೂ ಒಮ್ಮೆ ಎತ್ತಿ ನೋಡಿ.

ಸ್ಪೇರ್ ಪಾರ್ಟ್ ಸಿಗುವುದಿಲ್ಲ ಎಂಬ ಮಾತು ಪಾಲಿಯೊಗೆ ಸಲ್ಲುತ್ತದೆ. ಕಂಪನಿ ನಮ್ಮಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ, ಒಂದು ಸಣ್ಣ ಸೆನ್ಸರಿಗೂ ನಮ್ಮ ಸ್ನೇಹಿತರು ಪರವೂರಿನವರಿಗೆ ಫೋನ್ ಮಾಡುತ್ತಾ ಕೂರಬೇಕು. ಸ್ವಿಫ್ಟ್‌ಗೆ ಸಲ್ಲುವುದಿಲ್ಲ. ಅದರ ಜಿ13 ಎಂಜಿನ್ ಒಂಟಿ ಮಗುವಲ್ಲ. ಎಸ್ಟೀಮ್‌ನಲ್ಲಿ ಇದ್ದದ್ದು, ವರ್ಸಾದಲ್ಲಿ ಇದ್ದದ್ದು, ಸೈನ್ಯದಿಂದ ಹಿಡಿದು ರ‍್ಯಾಲಿಯವರೆಗೆ ಓಡಿದ ಜಿಪ್ಸಿಯಲ್ಲಿ ಇದ್ದದ್ದು ಇದೇ ಕುಟುಂಬದ ಎಂಜಿನ್. ಅದನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳು ಇಲ್ಲೂ ಇದ್ದಾರೆ, ಪುತ್ತೂರಿನಲ್ಲೂ ಇದ್ದಾರೆ, ಕಾಸರಗೋಡಿನಲ್ಲೂ ಇದ್ದಾರೆ. ಸಹಚಾಲಕನಾಗಿ ರಾಷ್ಟ್ರೀಯ ರ‍್ಯಾಲಿ ಗೆದ್ದ ಮೂಸಾ ಶರೀಫರ ಮೊಗ್ರಾಲ್ ನಮ್ಮಿಂದ ಎಷ್ಟು ದೂರ? ಈ ಕರಾವಳಿಯಲ್ಲಿ ಕಾರಿನ ವಿದ್ಯೆ ಕಲಿತ ಕೈಗಳಿಗೆ ಬರ ಇಲ್ಲ. ಟೈಮಿಂಗ್ ಬೆಲ್ಟ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್, ಎಲ್ಲವೂ ಅದೇ ದಿನ ಸಿಕ್ಕಿದೆ. ಅದೇ ಹೊಸ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ ಕೆಟ್ಟರೆ ಬಿಚ್ಚಿ ಸರಿಮಾಡುವವರು ಅಪರೂಪ. ಇಡೀ ಯೂನಿಟ್ ಬದಲಾಯಿಸು ಎನ್ನುತ್ತಾರೆ. ವಾರಂಟಿ ಮುಗಿದ ಮೇಲೆ ಆ ಕಾರುಗಳು ಇಪ್ಪತ್ತನೇ ವರ್ಷ ಹೇಗಿರುತ್ತವೆ ಎಂಬುದನ್ನು ನಾವು ಇನ್ನು ನೋಡಬೇಕಷ್ಟೆ.

ಹೊಗೆಯ ವಿಚಾರದಲ್ಲಿ ಲೆಕ್ಕ ನೇರವಾಗಿದೆ. ಬಿಎಸ್3 ನಿಯಮದಲ್ಲಿ ಪೆಟ್ರೋಲ್ ಕಾರು ಕಿಲೊಮೀಟರಿಗೆ 2.3 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಬಿಡಬಹುದಿತ್ತು, ಬಿಎಸ್6ರಲ್ಲಿ 1 ಗ್ರಾಂ. ನೈಟ್ರೋಜನ್ ಆಕ್ಸೈಡ್ 150 ಮಿಲಿಗ್ರಾಂ ಇದ್ದದ್ದು 60ಕ್ಕೆ ಇಳಿದಿದೆ. ಕಿಲೊಮೀಟರ್ ಲೆಕ್ಕದಲ್ಲಿ ನನ್ನದು ಎರಡು ಪಟ್ಟಿಗೂ ಹೆಚ್ಚು ಕೆಡಿಸುತ್ತದೆ. ನಾನು ಅದನ್ನು ವರ್ಷಕ್ಕೆ ಮೂರು ಸಾವಿರ ಕಿಲೊಮೀಟರ್ ಓಡಿಸುತ್ತೇನೆ, ನಿಮ್ಮಲ್ಲಿ ಹೆಚ್ಚಿನವರು ಹದಿನೈದು ಸಾವಿರ. ಆದರೂ ಈ ಓಡಾಟ ಸಂತೋಷಕ್ಕಾಗಿ, ಅದರ ಭಾರ ನನ್ನ ಮೇಲಿದೆ ಎಂದು ಒಪ್ಪುತ್ತೇನೆ. ಅದಕ್ಕೇ ಪ್ರತಿ ಎಮಿಷನ್ ಟೆಸ್ಟಿಗೆ ಮೊದಲು ಆಕ್ಸಿಜನ್ ಸೆನ್ಸರ್, ಸ್ಪಾರ್ಕ್ ಪ್ಲಗ್ ನೋಡಿಸುತ್ತೇನೆ. ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಪೈಪಿಗೆ ಬದಲಿಸಿದೆ. ಇಂಥ ಹಳೆ ಕಾರುಗಳ ಮೈಲೇಜ್ ಶೇ 6ರಿಂದ 7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ನನ್ನ ಅನುಭವವೂ ಅದರ ಹತ್ತಿರವೇ ಇದೆ.

ಕೊನೆಗೆ ಒಬ್ಬರು, “ಇದೆಲ್ಲ ಬರೀ ಹಳೆ ನೆನಪು ಮಾರಾಯ, ಪ್ರಾಯದಲ್ಲಿ ಓಡಿಸಿದ ಕಾರು ಎಲ್ಲರಿಗೂ ಚಂದವೇ” ಎಂದರು. ಪ್ರಾಯದಲ್ಲಿ ನಾನು ಓಡಿಸಿದ್ದು ಸ್ಕೂಟರ್. ಈ ಸ್ವಿಫ್ಟನ್ನು ನಾನು ಕೊಂಡದ್ದು 2017ರಲ್ಲಿ, ಬಿಜೈಯ ಒಬ್ಬ ನಿವೃತ್ತ ಅಧ್ಯಾಪಕರಿಂದ, ಅದಕ್ಕೆ ಹನ್ನೊಂದು ವರ್ಷ ತುಂಬಿದಾಗ. ಅದಕ್ಕೆ ಮೊದಲು ಮೂರು ವರ್ಷ ಟರ್ಬೊ ಕಾರನ್ನೇ ಓಡಿಸಿದ್ದೆ. ಎರಡನ್ನೂ ಒಂದೇ ರಸ್ತೆಯಲ್ಲಿ ಓಡಿಸಿ ನೋಡಿದ ಮೇಲೆ ಮಾಡಿದ ಆಯ್ಕೆ ಇದು.

ನಿಮ್ಮ ಎಲ್ಲ ಮಾತುಗಳ ಅಡಿಯಲ್ಲಿ ಒಂದು ನಂಬಿಕೆ ಇದೆ: ಹಳೆಯದು ಹೋದರೇನು, ಅದರ ಜಾಗಕ್ಕೆ ಹೊಸದು ಬಂದಿದೆಯಲ್ಲ ಎಂದು. ಬಂದಿದೆಯೇ? 2015ರ ಪುಂಟೊ ಅಬಾರ್ತ್‌ನಲ್ಲಿ 145 ಅಶ್ವಶಕ್ತಿ ಇತ್ತು, ಹತ್ತು ಲಕ್ಷದ ಒಳಗೆ. ಅದು ಹೋಯಿತು. 2017ರ ಬಲೆನೊ ಆರ್‌ಎಸ್ ಮೂರು ವರ್ಷವೂ ಸರಿಯಾಗಿ ಬಾಳಲಿಲ್ಲ. 2018ರ ಟಿಯಾಗೊ ಜೆಟಿಪಿಯ ಆಯುಷ್ಯ ಇನ್ನೂ ಕಡಿಮೆ. ಪೋಲೊ 2022ರಲ್ಲಿ ನಿಂತಿತು. ನನ್ನ ದೃಷ್ಟಿಯಲ್ಲಿ ಹಳೆಯ ಹಾಟ್ ಹ್ಯಾಚ್‌ನ ನಿಜವಾದ ಉತ್ತರಾಧಿಕಾರಿ ಅದೇ ಆಗಿತ್ತು, ಅದನ್ನು ಇಟ್ಟುಕೊಂಡಿರುವ ಇಬ್ಬರು ಸ್ನೇಹಿತರು ಯಾರು ಎಷ್ಟು ಕೊಟ್ಟರೂ ಮಾರಬಾರದು. ಸ್ವಿಫ್ಟ್ ಎಂಬ ಹೆಸರು ಉಳಿದಿದೆ, ಆದರೆ 2024ರದ್ದು 82 ಅಶ್ವಶಕ್ತಿಯ, ಲೀಟರಿಗೆ 25 ಕಿಲೊಮೀಟರಿನ ಹತ್ತಿರ ಕೊಡುವ ಮೈಲೇಜ್ ಕಾರು. ಒಳ್ಳೆಯ ಕಾರು, ನನ್ನ ಸ್ವಿಫ್ಟ್‌ನ ವಾರಸುದಾರ ಅಲ್ಲ. ಗಾಲ್ಫ್ ಜಿಟಿಐ 2025ರಲ್ಲಿ ನಮ್ಮ ದೇಶಕ್ಕೆ ಬಂತು, 265 ಅಶ್ವಶಕ್ತಿ, 53 ಲಕ್ಷ ರೂಪಾಯಿ. ಸಂಬಳದವನ ಕಾರಾಗಿ ಹುಟ್ಟಿದ್ದು ಎಲ್ಲಿಗೆ ಮುಟ್ಟಿತು ನೋಡಿ. ಉಳಿದವರೆಲ್ಲ ಎತ್ತರದ ಎಸ್‌ಯುವಿಗೆ ಹೋಗಿದ್ದಾರೆ. ಮತ್ತೊಂದು ತಯಾರಾಗುತ್ತಿಲ್ಲ ಎಂದು ಗೊತ್ತಿದ್ದೂ ಇರುವುದನ್ನು ಗುಜಿರಿಗೆ ಹಾಕು ಎಂದು ಹೇಗೆ ಹೇಳುತ್ತೀರಿ?

2021ರಲ್ಲಿ, ಹದಿನೈದು ವರ್ಷ ತುಂಬಿದಾಗ, ನನ್ನ ಕಾರಿನ ಆರ್.ಸಿ. ನವೀಕರಣದ ಶುಲ್ಕ 600 ರೂಪಾಯಿ ಇತ್ತು. ಮರುವರ್ಷ ಅದು 5,000 ಆಯಿತು. 2025ರ ಆಗಸ್ಟಿನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ತಪಾಸಣೆ ಎಷ್ಟು ಕಠಿಣವಾದರೂ ಮಾಡಲಿ, ಬ್ರೇಕ್, ಹೊಗೆ, ಅಡಿಯ ತಗಡು ಎಲ್ಲವನ್ನೂ ನೋಡಲಿ, ಸೋತರೆ ನಾನೇ ಗುಜಿರಿಗೆ ಒಯ್ಯುತ್ತೇನೆ. ಪಾಸಾದ ಕಾರಿಗೂ ವಯಸ್ಸಿನ ದಂಡ ಯಾಕೆ ಎಂದು ಸರ್ಕಾರವನ್ನು ಕೇಳುವುದಾದರೆ ಆ ಐದು ಸ್ನೇಹಿತರೂ ನನ್ನ ಜೊತೆ ನಿಲ್ಲಬೇಕು. ಇನ್ನು ಕೆಲವು ವರ್ಷಕ್ಕೆ ಅವರ ಕಾರುಗಳೂ ಇದೇ ಸಾಲಿಗೆ ಬರುತ್ತವೆ. ನನ್ನ ಆರ್.ಸಿ. ಅವಧಿ 2026ರ ಅಕ್ಟೋಬರ್‌ಗೆ ಮುಗಿಯುತ್ತದೆ. ಹತ್ತು ಸಾವಿರ ಎತ್ತಿಟ್ಟಾಗಿದೆ. ಡಿಕ್ಕಿಯ ಟಿಂಕರಿಂಗ್ ಬರುವ ಸೋಮವಾರ ಶುರು.